ಸರ್ವರ್ ನಿಂತ ಮೇಲೂ ದುಡಿಯುವ ಸಾಧನ

(ಸಣ್ಣ ಉದ್ದಿಮೆದಾರರು ಮತ್ತು ಎಂಜಿನಿಯರುಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಬೆರಳಿನಗಲದ ಒಂದು ಬೋರ್ಡ್ ಇದೆ. ಅದಕ್ಕೆ ತಾಪಮಾನ ಅಳೆಯುವ ಸೆನ್ಸರ್ ಸಿಕ್ಕಿಸಿದ್ದೇನೆ. ಪಕ್ಕದಲ್ಲಿರುವುದು ನನ್ನ ಹಳೆಯ ಲ್ಯಾಪ್‌ಟಾಪ್. ಪರದೆಯ ಮೇಲೆ ಐದು ಸೆಕೆಂಡಿಗೊಮ್ಮೆ ಒಂದು ಅಂಕಿ ಬದಲಾಗುತ್ತಿರುವುದು ಹಿಂದಿನ ಸಾಲಿನವರಿಗೂ ಕಾಣುತ್ತಿರಬೇಕು. ಈ ಸಭಾಂಗಣದ ವೈಫೈ ಪಾಸ್‌ವರ್ಡನ್ನು ನಾನು ಕೇಳಲೇ ಇಲ್ಲ. ಹಾಗಾಗಿ ಈ ಅಂಕಿ ಯಾವ ಕಂಪನಿಯ ಸರ್ವರಿಗೂ ಹೋಗಿ ಬರುತ್ತಿಲ್ಲ. ಮೇಜಿನ ಆ ತುದಿಯಿಂದ ಈ ತುದಿಗೆ, ಅಷ್ಟೇ ಅದರ ಪ್ರಯಾಣ. ಇವತ್ತು ನಾನು ಹೇಳಬೇಕೆಂದುಕೊಂಡಿರುವುದೆಲ್ಲ ಈ ಮೂರಡಿಯೊಳಗೇ ಇದೆ.

ವಸ್ತುಗಳನ್ನು ಜಾಲಕ್ಕೆ ಜೋಡಿಸುವ ಈ ಕ್ಷೇತ್ರದ ಹೆಸರಿನ ಪುರಾಣವನ್ನು ಬೇಗ ಮುಗಿಸಿಬಿಡುತ್ತೇನೆ. ‘ಇಂಟರ್ನೆಟ್ ಆಫ್ ಥಿಂಗ್ಸ್’ ಎಂಬ ಪದಗುಚ್ಛವನ್ನು 1999ರಲ್ಲಿ ಕೆವಿನ್ ಆ್ಯಷ್ಟನ್ ಎಂಬವರು ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ಕೊಟ್ಟ ಒಂದು ಪ್ರಸೆಂಟೇಶನ್ನಿಗೆ ಶೀರ್ಷಿಕೆಯಾಗಿ ಇಟ್ಟುಕೊಂಡಿದ್ದರು. ಸರಕಿನ ಮೇಲೆ ರೇಡಿಯೋ ಅಲೆಯಿಂದ ಗುರುತು ಹೇಳುವ ಆರ್‌ಎಫ್‌ಐಡಿ ಚೀಟಿ ಅಂಟಿಸಿದರೆ ಅದು ಎಲ್ಲಿದೆ ಎಂದು ತಾನಾಗಿಯೇ ತಿಳಿಯುತ್ತದೆ ಎನ್ನುವುದು ಅವರ ವಾದ. ಹೆಸರು ಬರುವ ಮೊದಲೇ ಕೆಲಸ ನಡೆದಿತ್ತು. 1991ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಕಾಫಿ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟಿದ್ದರು. ಮೆಟ್ಟಿಲಿಳಿದು ಹೋದಮೇಲೆ ಪಾತ್ರೆ ಖಾಲಿ ಎಂದು ಗೊತ್ತಾಗುವ ಸಂಕಟ ತಪ್ಪಲಿ ಅಂತ. ಈ ಕ್ಷೇತ್ರದ ಒಳ್ಳೆಯ ಯೋಜನೆಗಳೆಲ್ಲ ಇಂದಿಗೂ ಇಷ್ಟೇ ಸರಳ: ಹೋಗಿ ನೋಡುವ ಕೆಲಸ ಉಳಿಸುತ್ತವೆ.

ಅದೇ 1999ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದು ನನಗೆ ಹೆಚ್ಚು ಮುಖ್ಯ. ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ಸೇರಿ ತೈಲದ ಪೈಪ್‌ಲೈನ್‌ಗಳ ಮೇಲೆ ಕಣ್ಣಿಡಲು ಒಂದು ಪ್ರೋಟೋಕಾಲ್, ಅಂದರೆ ಯಂತ್ರಗಳು ಮಾತಾಡಿಕೊಳ್ಳುವ ನಿಯಮಗಳನ್ನು ಬರೆದರು. ಪೈಪ್‌ಲೈನ್ ಹಾದುಹೋಗುವುದು ಜನರೇ ಇಲ್ಲದ ಕಡೆ. ಮಾಹಿತಿ ಉಪಗ್ರಹದ ಮೂಲಕ ಬರಬೇಕು, ಉಪಗ್ರಹದ ದಾರಿಯೋ ದುಬಾರಿ ಮತ್ತು ನಿಧಾನ. ಹಾಗಾಗಿ ಪ್ರತಿ ಸಂದೇಶದ ತಲೆಬರಹವನ್ನು ಎರಡು ಬೈಟ್‌ಗಳವರೆಗೂ ಇಳಿಸಿದರು. ಅದೇ ಎಂಕ್ಯೂಟಿಟಿ. 2010ರಲ್ಲಿ ಅದನ್ನು ಯಾರು ಬೇಕಾದರೂ ರಾಯಲ್ಟಿ ಇಲ್ಲದೆ ಬಳಸಬಹುದು ಎಂದಾಯಿತು. 2014ರಲ್ಲಿ ಓಯಾಸಿಸ್ ಸಂಸ್ಥೆಯ ಮಾನಕವೂ ಆಯಿತು. ಈ ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವ ಮಸ್ಕೀಟೋ ಎಂಬ ಬ್ರೋಕರ್ ಅದೇ ಭಾಷೆ ಮಾತನಾಡುವ ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಅದರ ಮೂಲ ಕರ್ತೃ ರೋಜರ್ ಲೈಟ್. ಈಗ ಅದು ಎಕ್ಲಿಪ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ.

ಬ್ರೋಕರ್ ಎಂದರೆ ಅಂಚೆ ವಿಂಗಡಿಸುವವನು ಎಂದುಕೊಳ್ಳಿ. ಸೆನ್ಸರ್ ‘ಕೋಣೆ ಮೂರು, ತಾಪ’ ಎಂಬ ಟಾಪಿಕ್‌ಗೆ ಅಂಕಿ ಎಸೆಯುತ್ತದೆ. ಯಾರು ಓದುತ್ತಾರೆ ಎನ್ನುವುದು ಅದಕ್ಕೆ ಬೇಕಿಲ್ಲ. ಆ ಟಾಪಿಕ್‌ಗೆ ಚಂದಾದಾರರಾದವರಿಗೆಲ್ಲ ಬ್ರೋಕರ್ ಹಂಚುತ್ತಾನೆ. ಇವತ್ತು ಓದುವವನು ಡ್ಯಾಶ್‌ಬೋರ್ಡ್, ಅಂದರೆ ಅಂಕಿ ತೋರಿಸುವ ಈ ಪುಟ ಒಬ್ಬನೇ. ನಾಳೆ ಲೆಕ್ಕ ವಿಭಾಗಕ್ಕೂ ಬೇಕು ಎಂದಾದರೆ ಸೆನ್ಸರನ್ನು ಮುಟ್ಟದೆ ಇನ್ನೊಬ್ಬ ಚಂದಾದಾರನನ್ನು ಸೇರಿಸಿದರಾಯಿತು. ವ್ಯವಹಾರ ಬೆಳೆದಂತೆ ಬೆಳೆಯುವ ಗುಣ ಇಲ್ಲಿಯದು.

ಈಗ ಬೋರ್ಡಿನ ವೈರ್ ಕೀಳುತ್ತೇನೆ. ನೀವು ಎಣಿಸುತ್ತಿರಿ.

ನೋಡಿ, ಪರದೆಯ ಮೇಲೆ ಏನೂ ಬದಲಾಗಿಲ್ಲ. 26.4 ಡಿಗ್ರಿ ಎಂದು ನಿಶ್ಚಿಂತೆಯಿಂದ ಕೂತಿದೆ. ಸಾಧನ ಸತ್ತಿದೆ, ಅಂಕಿ ಬದುಕಿದೆ. ಹೀಗೆಯೇ ನಾನೊಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಔಷಧಿ ಇಡುವ ಶೀತಲ ಕೊಠಡಿಯೊಂದಕ್ಕೆ ಸೆನ್ಸರ್ ಹಾಕಿದ್ದೆ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕೆಂಬುದು ನಿಮಗೆ ಗೊತ್ತೇ ಇದೆ. ರಾತ್ರಿಯಿಡೀ ಡ್ಯಾಶ್‌ಬೋರ್ಡ್ 4.1 ತೋರಿಸಿತು, ಹಸಿರು ಬಣ್ಣದಲ್ಲಿ. ಬೆಳಿಗ್ಗೆ ಬಾಗಿಲು ತೆರೆದವರ ಕೈಗೆ ತಣ್ಣಗಿನ ಗಾಳಿ ತಾಗಲಿಲ್ಲ. ಸೆನ್ಸರಿನ ಬ್ಯಾಟರಿ ಹಿಂದಿನ ಸಂಜೆಯೇ ಸತ್ತಿತ್ತು, ಕಂಪ್ರೆಸರ್ ಮಧ್ಯರಾತ್ರಿ ಕೈಕೊಟ್ಟಿತ್ತು. ನಾನು ಬರೆದ ಪುಟ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಕೂತಿತ್ತು. ತಪ್ಪು ಸಂಪೂರ್ಣ ನನ್ನದು.

...ಹದಿನೈದು. ಬಂತು ನೋಡಿ: ‘ಬೋರ್ಡ್ ಒಂದು ಸಂಪರ್ಕದಲ್ಲಿಲ್ಲ’. ಈ ಸಾಲನ್ನು ಬೋರ್ಡ್ ಈಗ ಕಳಿಸಿದ್ದಲ್ಲ, ಅದಕ್ಕೆ ಕರೆಂಟೇ ಇಲ್ಲವಲ್ಲ. ಬೆಳಿಗ್ಗೆ ಸಂಪರ್ಕಕ್ಕೆ ಬಂದಾಗಲೇ ‘ನಾನು ಹೇಳದೆ ಹೋದರೆ ಇದನ್ನು ಎಲ್ಲರಿಗೂ ತಿಳಿಸು’ ಎಂದು ಬ್ರೋಕರ್ ಹತ್ತಿರ ಬರೆದಿಟ್ಟು ಹೋಗಿದೆ. ಅದರ ಹೆಸರೇ ‘ಲಾಸ್ಟ್ ವಿಲ್’, ಮರಣಶಾಸನ. ಹತ್ತು ಸೆಕೆಂಡಿಗೊಮ್ಮೆಯಾದರೂ ಮಾತಾಡುತ್ತೇನೆ ಎಂದು ಬೋರ್ಡ್ ಮಾತು ಕೊಟ್ಟಿತ್ತು. ಅದರ ಒಂದೂವರೆ ಪಟ್ಟು ಕಾದು ಬ್ರೋಕರ್ ಶಾಸನವನ್ನು ಓದಿದ. ಸಾಧನದ ಮೌನವನ್ನೂ ಒಂದು ಸುದ್ದಿಯಾಗಿ ಎಣಿಸಬೇಕು ಎಂದು ಪೈಪ್‌ಲೈನ್ ಕಾಯುತ್ತಿದ್ದವರಿಗೆ ಅಂದೇ ಹೊಳೆದಿತ್ತು. ನನಗೆ ಒಂದು ಕೊಠಡಿ ಔಷಧಿ ಹಾಳಾದ ಮೇಲೆ ಹೊಳೆಯಿತು.

ಇನ್ನು ಓಪನ್ ಸೋರ್ಸ್ ಎಂಬ ಮಾತಿಗೆ ಬರೋಣ. ವ್ಯಾಪಾರಸ್ಥರ ಹತ್ತಿರ ಈ ಮಾತು ಎತ್ತಿದರೆ ಕಿವಿಗೆ ಬೀಳುವುದು ‘ಬಿಟ್ಟಿ’ ಎಂದು. ಬಿಟ್ಟಿ ಹೌದು, ಆದರೆ ಅದೇ ಕಾರಣಕ್ಕೆ ಆರಿಸಿಕೊಂಡರೆ ನಿರಾಸೆಯಾಗುತ್ತದೆ. ಲೈಸೆನ್ಸಿನಲ್ಲಿ ಉಳಿದ ದುಡ್ಡು ನೋಡಿಕೊಳ್ಳುವ ಎಂಜಿನಿಯರನ ಸಂಬಳಕ್ಕೆ ಹೋಗುತ್ತದೆ. ನನ್ನ ಕಾರಣ ಬೇರೆ. ಮೊಬೈಲ್ ಆ್ಯಪ್ ಹಳತಾದರೆ ಅಳಿಸಿ ಹೊಸದು ಹಾಕುತ್ತೇವೆ. ಆದರೆ ಗೋಡೆಯೊಳಗೆ ಕೂತ ಸ್ವಿಚ್ಚು, ಪೈಪಿಗೆ ಬೆಸೆದ ಮೀಟರು, ಮೋಟರಿಗೆ ಅಂಟಿಸಿದ ಕಂಪನದ ಸೆನ್ಸರು ಹತ್ತು ಹದಿನೈದು ವರ್ಷ ಅಲ್ಲೇ ಇರುತ್ತವೆ. ಅದನ್ನು ಮಾರಿದ ಕಂಪನಿ ಅಷ್ಟು ದಿನ ಇರುತ್ತದೆಯೇ? ಇದ್ದರೂ ಆ ಸರ್ವರನ್ನು ಅಷ್ಟು ದಿನ ನಡೆಸುತ್ತದೆಯೇ?

ಕಲ್ಪನೆಯ ಭಯ ಇದಲ್ಲ. ರಿವಾಲ್ವ್ ಎಂಬ ಮನೆ ನಿಯಂತ್ರಣದ ಹಬ್ ಇತ್ತು, ಬೆಲೆ ಸುಮಾರು 300 ಡಾಲರ್. 2014ರಲ್ಲಿ ಆ ಕಂಪನಿಯನ್ನು ನೆಸ್ಟ್ ಕೊಂಡುಕೊಂಡಿತು. 2016ರ ಮೇನಲ್ಲಿ ಸೇವೆ ನಿಲ್ಲಿಸಿತು. ಮರುದಿನ ಹಬ್ ಬರೀ ಪ್ಲಾಸ್ಟಿಕ್ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಇನ್ನೊಂದು ಕಂಪನಿಯ ಸರ್ವರುಗಳು ಯಾವ ಮುನ್ಸೂಚನೆಯೂ ಇಲ್ಲದೆ ನಿಂತವು, ಗ್ರಾಹಕರ ಆ್ಯಪ್‌ಗಳು ಮೂಕವಾದವು. ಇಲ್ಲಿ ಕಥೆ ಸ್ವಲ್ಪ ಬೇರೆಯಾಯಿತು. ಆ ಸಾಧನಗಳ ಜೊತೆ ಸ್ಥಳೀಯವಾಗಿಯೇ ಮಾತಾಡುವ ದಾರಿಯನ್ನು ಬಳಕೆದಾರರು ಹಿಂದೆಯೇ ಹುಡುಕಿಕೊಂಡಿದ್ದರು, ಹೋಮ್ ಅಸಿಸ್ಟೆಂಟ್ ಎಂಬ ಓಪನ್ ಸೋರ್ಸ್ ವೇದಿಕೆಗೆ ಅದನ್ನು ಸೇರಿಸಿದ್ದರು. ಆ ದಾರಿ ಹಿಡಿದವರ ದೀಪಗಳು ಹತ್ತುತ್ತಲೇ ಇದ್ದವು. ಕೆಲವು ವಾರಗಳ ನಂತರ ಅದರ ಅಭಿಮಾನಿ ಬಳಕೆದಾರರ ಒಂದು ಗುಂಪೇ ಕಂಪನಿಯನ್ನು ಕೊಂಡು ಸರ್ವರುಗಳನ್ನು ಮತ್ತೆ ಶುರು ಮಾಡಿತು.

ಲೈಸೆನ್ಸ್ ಎಂಬ ಕಾಗದಕ್ಕೆ ಎಷ್ಟು ಕಸುವಿದೆ ಎಂದು ತಿಳಿಯಬೇಕಾದರೆ ಇನ್ನೂ ಹಿಂದೆ ಹೋಗಬೇಕು. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ ಕಪ್ಪು ಬಣ್ಣದ ರೌಟರ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದರೊಳಗೆ ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಓಡುತ್ತಿದೆ ಎಂದು ಕೆದಕುವ ಸ್ವಭಾವದವರು ಪತ್ತೆ ಮಾಡಿದರು. ಲಿನಕ್ಸಿನ ಲೈಸೆನ್ಸ್ ಜಿಪಿಎಲ್. ಅದನ್ನು ಸೇರಿಸಿ ಸಾಧನ ಮಾರಿದವರು ಆ ಭಾಗದ ಸೋರ್ಸ್ ಕೋಡನ್ನೂ ಕೊಡಬೇಕು. ಒತ್ತಡ ಬಿತ್ತು, 2003ರಲ್ಲಿ ಕೋಡ್ ಹೊರಬಂತು, 2004ರಲ್ಲಿ ರೌಟರುಗಳಿಗೆ ತೆರೆದ ತಂತ್ರಾಂಶ ಮಾಡುವ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. ಇವತ್ತು ಸೆನ್ಸರುಗಳನ್ನು ಹೊರಜಾಲಕ್ಕೆ ಜೋಡಿಸುವ ಎಷ್ಟೋ ಗೇಟ್‌ವೇ ಡಬ್ಬಿಗಳ ಒಳಗಿರುವುದು ಅದೇ. ನನಗೆ ಇದರಲ್ಲಿ ಇಷ್ಟವಾದ ಭಾಗ ಆಮೇಲಿನದು. ಕಂಪನಿ ಖರ್ಚು ಉಳಿಸಲು ಮೆಮೊರಿ ಕಡಿಮೆ ಮಾಡಿ ಬೇರೆ ಆಪರೇಟಿಂಗ್ ಸಿಸ್ಟಮ್ಮಿಗೆ ಹೊರಳಿತು. ಆದರೆ ಹಳೆಯ ಲಿನಕ್ಸ್ ಮಾದರಿಯನ್ನು ಕೈಬಿಡಲಿಲ್ಲ. ಹೆಸರಿನ ಕೊನೆಗೆ ‘ಎಲ್’ ಎಂಬ ಅಕ್ಷರ ಸೇರಿಸಿ ಪ್ರತ್ಯೇಕವಾಗಿ ಮಾರಿತು, ವರ್ಷಗಟ್ಟಲೆ ಮಾರಿತು. ಕೋಡ್ ತೆರೆದುಕೊಟ್ಟರೆ ವ್ಯಾಪಾರ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಆ ‘ಎಲ್’ ಅನ್ನು ತೋರಿಸುತ್ತೇನೆ.

ಲೈಸೆನ್ಸುಗಳ ಬಗ್ಗೆ ಇನ್ನು ಎರಡೇ ಮಾತು. ಎಂಐಟಿ ಮತ್ತು ಅಪಾಚೆ 2.0 ಮಾದರಿಯವು ಉದಾರ, ನಿಮ್ಮ ಬದಲಾವಣೆಗಳನ್ನು ಮುಚ್ಚಿಟ್ಟುಕೊಂಡರೂ ಸರಿ. ಸಣ್ಣ ಚಿಪ್‌ಗಳಲ್ಲಿ ಓಡುವ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಫ್ರೀಆರ್‌ಟಿಓಎಸ್ ಮೊದಲನೆಯದರಲ್ಲಿದೆ, ಜೆಫಿರ್ ಎರಡನೆಯದರಲ್ಲಿದೆ. ಜಿಪಿಎಲ್ ಕೊಟ್ಟು ತೆಗೆದುಕೊಳ್ಳುವ ಕರಾರು. ಯಾವ ಭಾಗ ಯಾವುದರಲ್ಲಿದೆ ಎಂಬ ಪಟ್ಟಿಯನ್ನು ಮೊದಲ ದಿನವೇ ಮಾಡಿಡಿ. ಮಾಲು ಕಂಟೇನರ್ ಹತ್ತಿದ ಮೇಲೆ ಆ ಪಟ್ಟಿ ಮಾಡಲು ಕೂರುವವರನ್ನು ಕಂಡಿದ್ದೇನೆ, ಅವರ ಮುಖ ನೋಡಲಾಗುವುದಿಲ್ಲ.

ಸರಿ, ಒಂದು ಕಾರ್ಖಾನೆಯ ಒಳಗೆ ಕಾಲಿಡೋಣ. ಹೊರಗಿನವರಿಗೆ ಕೃತಕ ಬುದ್ಧಿಮತ್ತೆ, ಹೊಳೆಯುವ ಗ್ರಾಫ್ ಕಾಣುತ್ತವೆ. ಒಳಗಿನ ಕೆಲಸದಲ್ಲಿ ಮುಕ್ಕಾಲು ಪಾಲು ಹಳೆಯ ಯಂತ್ರಗಳ ಜೊತೆ ಮಾತು ಬೆಳೆಸುವುದು. ಆ ಯಂತ್ರಗಳ ಭಾಷೆ ಹೆಚ್ಚಾಗಿ ಮಾಡ್‌ಬಸ್, 1979ರದ್ದು. ಮಾಡಿಕಾನ್ ಎಂಬ ಕಂಪನಿ ತನ್ನ ನಿಯಂತ್ರಕಗಳಿಗಾಗಿ ಮಾಡಿದ್ದು, ವಿವರಗಳನ್ನು ಬಹಿರಂಗಪಡಿಸಿದ್ದರಿಂದಲೇ ಇಷ್ಟು ಕಾಲ ಬಾಳಿದೆ. ಯಂತ್ರದೊಳಗೆ ಅಂಕಿ ಇಡುವ ಮನೆಗೆ ರಿಜಿಸ್ಟರ್ ಎನ್ನುತ್ತಾರೆ. ಎರಡು ವೈರ್ ಎಳೆದು ‘ಇಂಥ ನಂಬರಿನ ರಿಜಿಸ್ಟರ್ ಓದಿ ಹೇಳು’ ಎಂದರೆ ಹೇಳುತ್ತದೆ.

ಒಂದು ಸ್ಥಾವರದಲ್ಲಿ ಮೀಟರಿನ ಮುಖದ ಮೇಲೆ 23.5 ಕಿಲೋವ್ಯಾಟ್ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಪರದೆಯಲ್ಲಿ ಸೊನ್ನೆ. ವೈರ್ ಬದಲಿಸಿದೆವು, ವೇಗ ಬದಲಿಸಿದೆವು, ಒಬ್ಬರನ್ನೊಬ್ಬರು ಬೈದುಕೊಂಡೆವು. ಮೂರನೆಯ ದಿನ ಕಚ್ಚಾ ಬೈಟ್‌ಗಳನ್ನು ಕಾಗದದ ಮೇಲೆ ಬರೆದುಕೊಂಡು ಕೂತಾಗ ಬಯಲಾಯಿತು. ಮಾಡ್‌ಬಸ್‌ನ ಒಂದು ರಿಜಿಸ್ಟರ್ 16 ಬಿಟ್. ದಶಮಾಂಶದ ಸಂಖ್ಯೆಗೆ 32 ಬಿಟ್ ಬೇಕು, ಅಂದರೆ ಎರಡು ರಿಜಿಸ್ಟರ್. ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ 23.5 ಎಂಬುದು 41ಬಿಸಿ, 0000 ಎಂಬ ಎರಡು ತುಂಡಾಗುತ್ತದೆ. ಮೀಟರ್ ಹಿಂದಿನ ತುಂಡನ್ನು ಮುಂದೆ ಕಳಿಸುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ತಿರುಗುಮುರುಗಾಗಿ ಜೋಡಿಸಿದರೆ ಬರುವ ಸಂಖ್ಯೆ ಎಷ್ಟು ಸಣ್ಣದೆಂದರೆ ದಶಮಾಂಶ ಬಿಂದುವಿನ ನಂತರ ನಲವತ್ತು ಸೊನ್ನೆ ದಾಟಿದ ಮೇಲೆ ಮೊದಲ ಅಂಕಿ ಸಿಗುತ್ತದೆ. ಪರದೆ ಅದನ್ನು ಸೊನ್ನೆ ಎಂದು ತೋರಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ನಾವು ಓದಲು ಬಳಸುತ್ತಿದ್ದ ಮಾಡ್‌ಬಸ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಓಪನ್ ಸೋರ್ಸ್. ಅದರೊಳಗೆ ಇಳಿದು, ಬೈಟ್ ಬಂದ ಜಾಗದಲ್ಲಿ ಒಂದು ಸಾಲು ಮುದ್ರಿಸುವಂತೆ ಬರೆದೆವು. ಮುಚ್ಚಿದ ಗೇಟ್‌ವೇ ಆಗಿದ್ದರೆ ದೂರಿಗೊಂದು ನಂಬರ್ ಕೊಟ್ಟು ಕಾಯಿಸುತ್ತಿದ್ದರು. ಹಾಗೆ ಕಾದದ್ದೂ ಉಂಟು. ಆ ಕಂಪನಿಯ ಹೆಸರು ಬೇಡ, ನಂಬರ್ ಇನ್ನೂ ನನ್ನ ಹತ್ತಿರ ಇದೆ.

ಅಲ್ಲಿಂದ ಮುಂದೆ ಹಾದಿ ಸಲೀಸು. ಬಾಕ್ಸುಗಳನ್ನು ಗೆರೆಗಳಿಂದ ಜೋಡಿಸಿ ಕೆಲಸ ಮಾಡಿಸುವ ನೋಡ್-ರೆಡ್ ಇದೆ. 2013ರಲ್ಲಿ ಐಬಿಎಂನ ನಿಕ್ ಓಲಿಯರಿ ಮತ್ತು ಡೇವ್ ಕಾನ್ವೇ ಜೋನ್ಸ್ ಮಾಡಿದ್ದು. ಪ್ರೋಗ್ರಾಮಿಂಗ್ ಬಾರದ ಎಲೆಕ್ಟ್ರಿಷಿಯನ್ ಒಬ್ಬರು ಎರಡು ದಿನದಲ್ಲಿ ಅದನ್ನು ಹಿಡಿದದ್ದನ್ನು ನೋಡಿದ್ದೇನೆ. ಕಾಲದೊಂದಿಗೆ ಬದಲಾಗುವ ಅಂಕಿಗಳನ್ನು ಇಡಲು ಇನ್‌ಫ್ಲಕ್ಸ್‌ಡಿಬಿ ಅಥವಾ ಟೈಮ್‌ಸ್ಕೇಲ್, ಗ್ರಾಫಿಗೆ ಗ್ರಫಾನಾ. ಸಾವಿರ ಸೆನ್ಸರುಗಳು ನಿಮಿಷಕ್ಕೊಮ್ಮೆ ಮಾತಾಡಿದರೆ ದಿನಕ್ಕೆ 14.4 ಲಕ್ಷ ಸಾಲು. ಕೇಳಲು ದೊಡ್ಡದು, ಸಾಧಾರಣ ಯಂತ್ರ ಸುಲಭವಾಗಿ ನುಂಗುತ್ತದೆ.

ಕಂಪನದ ಸೆನ್ಸರ್ ಮಾತ್ರ ಹಾಗಲ್ಲ. ಬೇರಿಂಗ್ ಸವೆತ ಹಿಡಿಯಬೇಕಾದರೆ ಸೆಕೆಂಡಿಗೆ ಹತ್ತು ಸಾವಿರ ಸಲ ಅಳೆಯಿರಿ ಎನ್ನೋಣ. ಒಂದು ಅಳತೆಗೆ ಎರಡು ಬೈಟ್. ಒಂದೇ ಮೋಟರಿನಿಂದ ದಿನಕ್ಕೆ 1.7 ಗಿಗಾಬೈಟ್ ದಾಟಿತು. ಎಲ್ಲವನ್ನೂ ಕ್ಲೌಡಿಗೆ ಕಳಿಸುತ್ತೇವೆ ಎಂದು ಹೊರಡುವ ಯೋಜನೆಗಳು ಮೊದಲ ತಿಂಗಳ ಬಿಲ್ ಬಂದಾಗ ತಣ್ಣಗಾಗುತ್ತವೆ. ಬೋರ್ಡಿನಲ್ಲೇ ಕಂಪನವನ್ನು ಆವರ್ತನಗಳಾಗಿ ಬಿಡಿಸಿ, ಬೇರಿಂಗಿಗೆ ಸಂಬಂಧಿಸಿದ ನಾಲ್ಕಾರು ಅಂಕಿಗಳನ್ನಷ್ಟೇ ಗಂಟೆಗೊಮ್ಮೆ ಕಳಿಸುವುದು ಬುದ್ಧಿವಂತಿಕೆ.

ದೂರದ ಸೆನ್ಸರುಗಳಲ್ಲಿ ಜಿಪುಣತನ ಇನ್ನೂ ಹೆಚ್ಚು ಬೇಕು. ಲೋರಾವ್ಯಾನ್ ಎಂಬ ಜಾಲ ಕಿಲೋಮೀಟರುಗಟ್ಟಲೆ ದೂರ ಮುಟ್ಟುತ್ತದೆ. ಆದರೆ ಯುರೋಪಿನ ನಿಯಮಗಳಲ್ಲಿ ಅತಿ ನಿಧಾನದ ವೇಗದಲ್ಲಿ ಒಂದು ಸಂದೇಶಕ್ಕೆ 51 ಬೈಟ್ ಮಿತಿ. ತಾಪ, ತೇವಾಂಶ ಎರಡನ್ನೂ ಇಂಗ್ಲಿಷ್ ಹೆಸರು ಸಮೇತ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆದರೆ 33 ಬೈಟ್ ಹೋಯಿತು. 4.2 ಅನ್ನು 42 ಮಾಡಿ ಎರಡು ಬೈಟಿನಲ್ಲಿ, ತೇವಾಂಶವನ್ನು ಒಂದು ಬೈಟಿನಲ್ಲಿ ಇಟ್ಟರೆ ಮೂರೇ ಬೈಟ್. ಅಂದಹಾಗೆ, ಲೋರಾವ್ಯಾನ್ ‘ಓಪನ್’ ಎಂದು ಜಾಹೀರಾತಿನಲ್ಲಿ ಓದಿದರೆ ಅರ್ಧ ನಂಬಿ. ಮೇಲಿನ ಪದರದ ವಿವರಗಳು ಬಹಿರಂಗವಾಗಿವೆ, ಚರ್ಪ್‌ಸ್ಟ್ಯಾಕ್‌ನಂಥ ಓಪನ್ ಸೋರ್ಸ್ ಸರ್ವರನ್ನು ನೀವೇ ನಡೆಸಬಹುದು. ಕೆಳಗಿನ ರೇಡಿಯೋ ತಂತ್ರ ಸೆಮ್‌ಟೆಕ್ ಕಂಪನಿಯ ಸ್ವತ್ತು.

ಬ್ಯಾಟರಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮೋಸಹೋಗುವುದು ಇಲ್ಲೇ. ಇಎಸ್‌ಪಿ32 ಚಿಪ್ ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೋಆಂಪಿಯರ್ ಎಳೆಯುತ್ತದೆ. 2000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಗೆ ಭಾಗಿಸಿದರೆ ಕಾಗದದ ಮೇಲೆ ಸುಮಾರು 23 ವರ್ಷ! ಆದರೆ ಕಲಿಯಲು ಕೊಂಡ ಬೋರ್ಡಿನ ಮೇಲೆ ಯುಎಸ್‌ಬಿ ಚಿಪ್, ಕೆಂಪು ದೀಪ, ಅಗ್ಗದ ರೆಗ್ಯುಲೇಟರ್ ಇರುತ್ತವೆ. ಚಿಪ್ ಮಲಗಿದರೂ ಅವು ಎದ್ದಿರುತ್ತವೆ. ಎಲ್ಲ ಸೇರಿ 10 ಮಿಲಿಆಂಪಿಯರ್ ಆದರೆ 200 ಗಂಟೆ, ಅಂದರೆ ಎಂಟು ದಿನ. ಪ್ರಯೋಗದ ಬೋರ್ಡನ್ನೇ ಡಬ್ಬಿಗೆ ಹಾಕಿ ಗ್ರಾಹಕನಿಗೆ ಕೊಡಬೇಡಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಸುರಕ್ಷತೆ. ತೆರೆದ ಕೋಡ್ ಎಂದರೆ ಸುರಕ್ಷಿತ ಎನ್ನುವವರ ಪಕ್ಷದಲ್ಲಿ ನಾನಿಲ್ಲ. 2020ರಲ್ಲಿ ಎರಡು ಸುದ್ದಿ ಬಂದವು. ಜೂನ್‌ನಲ್ಲಿ ಟ್ರೆಕ್ ಎಂಬ ಕಂಪನಿಯ ಮುಚ್ಚಿದ ನೆಟ್‌ವರ್ಕ್ ತಂತ್ರಾಂಶದಲ್ಲಿ 19 ದೋಷಗಳು ಸಿಕ್ಕವು, ಅವುಗಳಿಗೆ ‘ರಿಪಲ್20’ ಎಂದು ಹೆಸರಿಟ್ಟರು. ಡಿಸೆಂಬರ್‌ನಲ್ಲಿ ನಾಲ್ಕು ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ 33 ದೋಷಗಳು ಸಿಕ್ಕವು, ‘ಅಮ್ನೀಷಿಯಾ:33’. ಎರಡೂ ಕಡೆ ಕೈ ಕೊಳೆಯೇ. ವ್ಯತ್ಯಾಸ ಬಂದದ್ದು ಆಮೇಲೆ: ‘ನನ್ನ ಸಾಧನದಲ್ಲಿ ಇದು ಇದೆಯೇ’ ಎಂಬ ಪ್ರಶ್ನೆಗೆ. ಕೋಡ್ ಕೈಯಲ್ಲಿದ್ದವರು ಹುಡುಕಿ ನೋಡಿದರು. ಉಳಿದವರು ಪೂರೈಕೆದಾರನಿಗೆ, ಆತ ತನ್ನ ಪೂರೈಕೆದಾರನಿಗೆ ಪತ್ರ ಬರೆದು ಕೂತರು.

ದೊಡ್ಡ ಅನಾಹುತಕ್ಕೆ ಅಷ್ಟು ಸೂಕ್ಷ್ಮ ದೋಷವೂ ಬೇಕಿಲ್ಲ. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶವನ್ನು ನೆನಪಿಸಿಕೊಳ್ಳಿ. ಸುಮಾರು ಅರವತ್ತು ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಹಿಡಿದು ಕ್ಯಾಮೆರಾ, ರೆಕಾರ್ಡರುಗಳ ಬಾಗಿಲು ತಟ್ಟುತ್ತಾ ಹೋಯಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳ ಸೇನೆ, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ (ಡಿಎನ್‌ಎಸ್) ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ದೊಡ್ಡ ದೊಡ್ಡ ಜಾಲತಾಣಗಳೇ ಕಾಣೆಯಾದವು. ಈಗ ಕಾನೂನು ಬಂದಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ಯುರೋಪಿನ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯ ಮುಖ್ಯ ಭಾಗಗಳು 2027ರ ಡಿಸೆಂಬರ್‌ನಿಂದ ಅನ್ವಯವಾಗುತ್ತವೆ. ಸುರಕ್ಷತೆಯ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ ಎಂದು ತಯಾರಕರು ಮೊದಲೇ ಹೇಳಬೇಕಾಗುತ್ತದೆ. ರಫ್ತು ಮಾಡುವ ಆಸೆಯಿದ್ದವರು ಈಗಲೇ ಓದಿಕೊಳ್ಳಿ.

ಅಪ್‌ಡೇಟ್ ಎಂದಾಗ ಒಂದು ಸಲಹೆ. ಹೊಸ ಫರ್ಮ್‌ವೇರನ್ನು, ಅಂದರೆ ಸಾಧನದೊಳಗಿನ ತಂತ್ರಾಂಶವನ್ನು, ಹಳೆಯದರ ಮೇಲೆಯೇ ಬರೆಯಬೇಡಿ. ಎರಡು ಜಾಗ ಇಟ್ಟುಕೊಂಡು ಖಾಲಿ ಇರುವುದರಲ್ಲಿ ಬರೆಯಿರಿ. ಹೊಸದು ಎದ್ದು ಸರ್ವರನ್ನು ಮಾತಾಡಿಸಿದರೆ ಅದೇ ಇರಲಿ, ಇಲ್ಲವಾದರೆ ಹಳೆಯದಕ್ಕೆ ತಾನಾಗಿ ಮರಳಲಿ. ಮೆಂಡರ್, ರಾಕ್, ಎಸ್‌ಡಬ್ಲ್ಯುಅಪ್‌ಡೇಟ್ ಇವೆಲ್ಲ ಓಪನ್ ಸೋರ್ಸ್, ಇದನ್ನೇ ಮಾಡಿಕೊಡುತ್ತವೆ. ಇದನ್ನು ನಾವೇ ಬರೆಯುತ್ತೇವೆ ಎಂದು ಹೊರಟವರು ಸ್ಕ್ರೂಡ್ರೈವರ್ ಹಿಡಿದು ಕಂಬ ಕಂಬ ಹತ್ತಿದ್ದನ್ನು ನೋಡಿದ್ದೇನೆ, ಜೊತೆಗೆ ಹತ್ತಿದ್ದೇನೆ ಕೂಡ.

ಹಾಗಾದರೆ ದುಡ್ಡು ಎಲ್ಲಿ? ಬ್ರೋಕರ್, ಡೇಟಾಬೇಸ್, ಗ್ರಾಫ್ ಇವು ಎಲ್ಲರಿಗೂ ಸಿಗುವಂಥವು. ಅವನ್ನು ಮತ್ತೆ ಬರೆದು ಮಾರಲು ಹೋಗಬೇಡಿ. ಯಾವ ಕಂಪ್ರೆಸರ್ ಯಾವ ಶಬ್ದ ಮಾಡಿದರೆ ಇನ್ನು ಎರಡು ವಾರ ಬಾಳುತ್ತದೆ ಎಂಬ ತಿಳಿವಳಿಕೆ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಸಿಗುವುದಿಲ್ಲ. ಮಧ್ಯರಾತ್ರಿ ಎಚ್ಚರಿಕೆ ಬಂದಾಗ ಫೋನ್ ಎತ್ತುವ ಮನುಷ್ಯನೂ ಡೌನ್‌ಲೋಡ್ ಆಗುವುದಿಲ್ಲ. ನನ್ನ ಬಿಲ್ಲಿನಲ್ಲಿ ತಂತ್ರಾಂಶದ ಸಾಲಿನಲ್ಲಿ ಸೊನ್ನೆ ಇರುತ್ತದೆ. ಮೊದಮೊದಲು ಗ್ರಾಹಕರು ಅನುಮಾನಿಸುತ್ತಿದ್ದರು. ಈಗ ಕೆಲವರು ಆ ಸಾಲನ್ನು ನೋಡಿಯೇ ಬರುತ್ತಾರೆ, ನನ್ನನ್ನು ಬಿಟ್ಟರೂ ವ್ಯವಸ್ಥೆ ಅವರ ಕೈಯಲ್ಲೇ ಉಳಿಯುತ್ತದೆ ಎಂದು. ಬಿಡುವ ದಾರಿ ತೆರೆದಿರುವುದರಿಂದಲೇ ಬಿಡುತ್ತಿಲ್ಲವೋ ಏನೋ.

ಪ್ರಶ್ನೆಗಳಿಗೆ ಬರೋಣ.

‘ಕೊಳ್ಳುವ ಮೊದಲು ಮಾರಾಟಗಾರನನ್ನು ಏನು ಕೇಳಬೇಕು?’ ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು. ಹೆಚ್ಚೇನೂ ಕೇಳಬೇಡಿ ಸಾರ್, ಡೆಮೋ ತೋರಿಸುತ್ತಿರುವಾಗ ಇಂಟರ್ನೆಟ್ ಕೇಬಲ್ ಕೀಳಲು ಹೇಳಿ ಎಂದೆ. ದೀಪ ಹತ್ತಬೇಕು, ವಾಲ್ವ್ ತಿರುಗಬೇಕು, ಅಂಕಿಗಳು ಒಳಗೇ ದಾಖಲಾಗಬೇಕು. ಕೇಬಲ್ ಮತ್ತೆ ಹಾಕಿದಾಗ ಆ ಹೊತ್ತಿನ ಅಂಕಿಗಳು ತಪ್ಪದೆ ಮೇಲೆ ಹೋಗಬೇಕು. ಆಮೇಲೆ ‘ನನ್ನ ಒಂದು ವರ್ಷದ ಅಂಕಿಗಳನ್ನು ಸಿಎಸ್‌ವಿ ಎಂಬ ಸಾದಾ ಪಟ್ಟಿಯ ರೂಪದಲ್ಲಿ ಈ ಪೆನ್‌ಡ್ರೈವ್‌ಗೆ ಕೊಡಿ’ ಎನ್ನಿ. ಎಷ್ಟು ಹೊತ್ತು ತಡವರಿಸುತ್ತಾರೆ ನೋಡಿ.

ಇನ್ನೊಬ್ಬರು ಸ್ವಲ್ಪ ನೊಂದ ದನಿಯಲ್ಲಿ, ‘ನಾವು ಆಗಲೇ ಮುಚ್ಚಿದ ವ್ಯವಸ್ಥೆ ಕೊಂಡುಬಿಟ್ಟಿದ್ದೇವೆ, ಎಂಬತ್ತು ಮೀಟರ್. ಕಿತ್ತು ಎಸೆಯಬೇಕೇ?’ ಎಂದರು. ಖಂಡಿತ ಬೇಡ. ಮೊದಲು ಮೀಟರಿನ ಕೆಳಗೆ ಎ, ಬಿ ಎಂದು ಬರೆದ ಎರಡು ಸ್ಕ್ರೂ ಇವೆಯೇ ನೋಡಿ. ಇದ್ದರೆ ಹೆಚ್ಚಾಗಿ ಅದು ಮಾಡ್‌ಬಸ್‌ನ ಬಾಗಿಲು. ಒಂದೇ ಒಂದು ಮೀಟರಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿ, ಹಳೆಯ ವ್ಯವಸ್ಥೆಯನ್ನು ಅದರ ಪಾಡಿಗೆ ಬಿಟ್ಟು, ಒಂದು ತಿಂಗಳು ಎರಡೂ ಕಡೆ ಅಂಕಿಗಳನ್ನು ತಾಳೆ ನೋಡಿ. ಒಂದು ತಂತಿಯಲ್ಲಿ ಇಬ್ಬರು ಕೇಳುವವರಿದ್ದರೆ ಜಗಳವಾಗುತ್ತದೆ. ಆದ್ದರಿಂದ ಆ ಮೀಟರಿನಲ್ಲಿ ಎರಡನೆಯ ಪೋರ್ಟ್ ಇದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ. ಮತ್ತೆ, ಪರದೆಯಲ್ಲಿ ಸೊನ್ನೆ ಬಂದರೆ ವೈರ್ ಬದಲಿಸಲು ಹೋಗಬೇಡಿ, ತುಂಡುಗಳನ್ನು ತಿರುಗಿಸಿ ಜೋಡಿಸಿ ನೋಡಿ.